ಓದದ ಪುಸ್ತಕದ ಮೇಲೊಂದು ಸಂವಾದ

ಹೊಸ ಪುಸ್ತಕದ ಬಗ್ಗೆ ಅದರ ಲೇಖಕರ ಜೊತೆ ಸಂವಾದ ಎಂಬ ಕಾರ್ಯಕ್ರಮದ ಬುಡದಲ್ಲೇ ಒಂದು ತೊಡಕಿದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ 10.30ಕ್ಕೆ ಪುಸ್ತಕ ಬಿಡುಗಡೆ, 11.30ಕ್ಕೆ ಲೇಖಕರೊಂದಿಗೆ ಸಂವಾದ ಎಂದಿರುತ್ತದೆ. ನಡುವಿನ ಒಂದು ಗಂಟೆಯಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ಮಾತು. ಹಾಗಾದರೆ ಸಭಿಕರು ಆ ಪುಸ್ತಕ ಓದುವುದು ಯಾವಾಗ? ಕೆಲವರ ಸ್ವಾಗತ ಭಾಷಣದ ಅವಧಿಯಲ್ಲಿ ಇನ್ನೂರು ಪುಟದ ಕಾದಂಬರಿಯನ್ನು ಓದಿ ಮುಗಿಸಬಹುದು ಎಂಬುದೇನೋ ನಿಜ. ಆದರೆ ಪುಸ್ತಕ ಆಗಿನ್ನೂ ಬಣ್ಣದ ಕಾಗದದೊಳಗೆ ಕೂತಿರುತ್ತದೆ. ಹೀಗಾಗಿ ಸಭೆಯಲ್ಲಿ ಇರುವುದು ಎರಡೇ ಪಂಗಡ. ಪುಸ್ತಕವನ್ನು ಓದಿಯೇ ಇಲ್ಲದ ನೂರು ಜನ ಒಂದು ಕಡೆ. ಬರೆದು, ತಿದ್ದಿ, ಕರಡು ನೋಡಿ, ಇನ್ನು ಈ ಜನ್ಮದಲ್ಲಿ ಇದರ ಮುಖ ನೋಡಲಾರೆ ಎಂಬ ಸ್ಥಿತಿ ತಲುಪಿದ ಲೇಖಕ ಇನ್ನೊಂದು ಕಡೆ. ಇವರ ನಡುವೆ ಮಾತು ಕುದುರಿಸಲು ನನ್ನನ್ನು ಕೂರಿಸುತ್ತಾರೆ.

ನಾನಾಗಿ ಬಯಸಿದ ಹುದ್ದೆಯಲ್ಲ. ಸಂವಾದ ನಡೆಸಿಕೊಡಬೇಕಾದವರಿಗೆ ಒಮ್ಮೆ ಜ್ವರ ಬಂತು, ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನನ್ನು ಎಬ್ಬಿಸಿ ಮೇಲೆ ಹತ್ತಿಸಿದರು, ಹತ್ತಿದವನು ಇನ್ನೂ ಇಳಿದಿಲ್ಲ. ಈ ಕಸುಬಿಗೆ ಹೊಂದದ ಒಂದು ಚಾಳಿ ನನಗಿದೆ: ಪುಸ್ತಕವನ್ನು ಪೂರ್ತಿ ಓದಿಕೊಂಡು ಹೋಗುತ್ತೇನೆ. ಪ್ರಕಾಶಕರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. "ಬೆನ್ನುಡಿ ಕಳಿಸಿದ್ದೀನಲ್ಲ ಸಾರ್, ಸಾಕು. ಪೂರ್ತಿ ಓದಿದರೆ ಬಾಯ್ತಪ್ಪಿ ಕಥೆ ಹೇಳಿಬಿಡ್ತೀರಿ" ಎನ್ನುತ್ತಾರೆ. ಲೇಖಕರಿಗೂ ಒಳಗೊಳಗೇ ಅಳುಕು. ಓದದವನು ಕೇಳುವ ಪ್ರಶ್ನೆಗೆ ಹೇಗೆ ಬೇಕಾದರೂ ಉತ್ತರ ಕೊಡಬಹುದು. ಓದಿದವನು, "ಮೂರನೇ ಅಧ್ಯಾಯದಲ್ಲಿ ಎಡಗೈಯಲ್ಲಿದ್ದ ಗಾಯ ಏಳನೆಯದರಲ್ಲಿ ಬಲಗೈಗೆ ಹೋಗಿದೆಯಲ್ಲ" ಎಂದರೆ ಏನು ಗತಿ?

ಬೆಂಗಳೂರಿನಲ್ಲಿ ಇಂಥ ಸಮಾರಂಭಗಳ ಠಿಕಾಣಿಗಳು ಎಲ್ಲರಿಗೂ ಗೊತ್ತು. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ನಯನ, ಚಾಮರಾಜಪೇಟೆಯ ಪರಿಷತ್ತು, ಬಸವನಗುಡಿಯ ವಾಡಿಯಾ ಸಭಾಂಗಣ. ಬಸವನಗುಡಿಯದ್ದಕ್ಕೆ ಒಂದು ಹೆಚ್ಚಿನ ಅಪಾಯ. ಭಾನುವಾರ ಬೆಳಿಗ್ಗೆ ಸಾಹಿತ್ಯಕ್ಕೆಂದು ಮನೆ ಬಿಟ್ಟವರು ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನದ ಮುಂದಿನ ಸಾಲು ಕಂಡು ಅಲ್ಲೇ ನಿಂತುಬಿಡುತ್ತಾರೆ. 1943ರಿಂದ ನಡೆದುಕೊಂಡು ಬಂದ ದೋಸೆ. ಅದರೆದುರು ನಿನ್ನೆ ಬೈಂಡಿಂಗ್ ಆದ ಕವನ ಸಂಕಲನ ಎಷ್ಟು ಹೊತ್ತು ತಡೆದೀತು? ಸಭಾಂಗಣ ತುಂಬುವುದು 11.15ರ ಮೇಲೆ. ಬರುವವರ ಕೈ ತುಪ್ಪದ ಪರಿಮಳ ಸೂಸುತ್ತಿರುತ್ತದೆ.

ಬಿಡುಗಡೆಯ ಘಟ್ಟವನ್ನು ಹತ್ತಿರದಿಂದ ನೋಡಿದವರಿಗೇ ಅದರ ಕಷ್ಟ ಗೊತ್ತು. ವೇದಿಕೆಯ ಮೇಲಿನ ಐವರಿಗೂ ಒಂದೊಂದು ಪೊಟ್ಟಣ. ಮೇಲೆ ಮಿರುಗುವ ಕಾಗದ, ಅದರ ಮೇಲೆ ಕೆಂಪು ರಿಬ್ಬನ್, ರಿಬ್ಬನ್ನಿಗೆ ಗಂಟು. ಗಂಟು ಹಾಕಿದವರು ಪ್ರಕಾಶಕರ ಮನೆಯ ಹುಡುಗರು, ಬಿಚ್ಚಬೇಕಾದವರು ಎಪ್ಪತ್ತೆಂಟರ ಹಿರಿಯರು. ಅವರು ಮೊದಲು ಎಳೆಯುತ್ತಾರೆ, ಆಮೇಲೆ ಉಗುರು ಹಾಕುತ್ತಾರೆ, ಆಮೇಲೆ ಸಭೆಯತ್ತ ನೋಡಿ ನಗುತ್ತಾರೆ. ನಿರೂಪಕಿ ಆ ಮೌನ ತುಂಬಲು "ಕುತೂಹಲದ ಕ್ಷಣ" ಎಂದು ಮೂರು ಸಲ ಹೇಳಿದ ಮೇಲೆ ಯಾರೋ ಕತ್ತರಿ ತರಲು ಓಡುತ್ತಾರೆ. ಅಷ್ಟರಲ್ಲಿ ಕಾಗದ ಬದಿಯಿಂದ ಹರಿದು ಪುಸ್ತಕ ಅಡ್ಡಡ್ಡ ಹೊರಗೆ ಬಂದಿರುತ್ತದೆ. ಎಲ್ಲರೂ ಮುಖಪುಟವನ್ನು ಎದೆಗೆ ಹಿಡಿದು ನಿಲ್ಲಬೇಕು. "ಸಾರ್, ಸ್ವಲ್ಪ ಕೆಳಗೆ, ಮುಖ ಮುಚ್ಚುತ್ತೆ. ಮೇಡಂ, ನಿಮ್ಮದು ತಲೆಕೆಳಗಾಗಿದೆ" ಎಂದು ಫೋಟೋದವನು ಕೂಗುತ್ತಾನೆ. ಆ ಇಡೀ ದಿನದಲ್ಲಿ ಪುಸ್ತಕ ಎಲ್ಲರ ಕಣ್ಣಿಗೆ ಬೀಳುವುದು ಆಗ ಮಾತ್ರ.

ಕೂತ ಮೇಲೆ ಐವರೂ ಪುಸ್ತಕ ತೆರೆಯುತ್ತಾರೆ. ನೀವು ನಾನು ಊಹಿಸುವ ಜಾಗದಲ್ಲಲ್ಲ. ಮೊದಲು ಕೊನೆಯ ಪುಟಕ್ಕೆ ಹೋಗಿ ಎಷ್ಟು ಪುಟ ಎಂದು ನೋಡುತ್ತಾರೆ. ಆಮೇಲೆ ಬೆಲೆ. ಆಮೇಲೆ ಲೇಖಕರ ಕೃತಜ್ಞತೆಯ ಪುಟ ಹುಡುಕಿ ಮೇಲಿನಿಂದ ಕೆಳಗೆ ಬೆರಳಾಡಿಸುತ್ತಾರೆ. ಬೆರಳು ಒಂದು ಕಡೆ ನಿಂತರೆ ಅಂದಿನ ಅಧ್ಯಕ್ಷ ಭಾಷಣ ಸಿಹಿಯಾಗಿರುತ್ತದೆ. ಕೆಳಗಿನವರೆಗೂ ಹೋಗಿ ಮತ್ತೆ ಮೇಲಿನಿಂದ ಶುರುವಾದರೆ, "ಕೃತಿಯಲ್ಲಿ ಕೆಲವು ಮಿತಿಗಳೂ ಇವೆ" ಎಂಬ ಮಾತು ಬರುವುದು ಖಾತ್ರಿ.

ಮೊದಲು ಹೀಗಿರಲಿಲ್ಲ. ಅಂದರೆ, ಮೊದಲು ಲೇಖಕರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹಾರ ಹಾಕಿ, ಅವರ ಬಗ್ಗೆ ನಾಲ್ವರು ಮಾತಾಡಿ, ಕೊನೆಗೆ ಅವರಿಂದ ಎರಡು ಮಾತು ಆಡಿಸಿ ಕಳಿಸುತ್ತಿದ್ದರು. ಗಳಗನಾಥರಿಗಂತೂ ಅದೂ ಇಲ್ಲ. ಐತಿಹಾಸಿಕ ಕಾದಂಬರಿ ಬರೆದು, ಅಚ್ಚು ಹಾಕಿಸಿ, ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಮಹಾನುಭಾವರು ಅವರು. ಅವರಿಗೂ ಓದುಗರಿಗೂ ನಡೆಯುತ್ತಿದ್ದ ಸಂವಾದ ಮನೆಯ ಜಗುಲಿಯ ಮೇಲಿನದು. ವಿಷಯ ಬಹುಶಃ ಬೆಲೆ. ಈಗ ಯೋಚಿಸಿದರೆ ಅದಕ್ಕಿಂತ ಪ್ರಾಮಾಣಿಕವಾದ ಸಾಹಿತ್ಯ ಸಂವಾದ ಇನ್ನೊಂದಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಮಾತು ನಡೆಯುತ್ತಿತ್ತು, ಜಿ.ಬಿ. ಜೋಶಿ ಇದ್ದರು, ಕೀರ್ತಿನಾಥ ಕುರ್ತಕೋಟಿ ಇದ್ದರು. ಆದರೆ ಅಲ್ಲಿನ ಮಾತು ಪುಸ್ತಕ ಅಚ್ಚಾಗುವ ಮೊದಲೇ, ಹಸ್ತಪ್ರತಿಯ ಮೇಲೆ. ಮಾತಿನಿಂದ ಏನಾದರೂ ಉಪಯೋಗ ಆಗಬಹುದಾದ ಹೊತ್ತಿನಲ್ಲಿ ಮಾತಾಡುತ್ತಿದ್ದರು. ನಾವು ಬೈಂಡಿಂಗ್ ಒಣಗಿದ ಮೇಲೆ ಮಾತಾಡುತ್ತೇವೆ. ಇನ್ನು ಮೂಡಿಗೆರೆಯಲ್ಲಿ ಮೀನು ಹಿಡಿಯುತ್ತ ಕೂತಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಎರಡು ಕುರ್ಚಿ, ನಡುವೆ ಒಂದು ಹೂಕುಂಡ ಇಟ್ಟು "ಸಾರ್, ನಿಮ್ಮ ಸೃಜನಶೀಲ ಪ್ರಕ್ರಿಯೆಯ ಬಗ್ಗೆ..." ಎಂದು ಕೇಳುವ ಧೈರ್ಯ ಯಾರಿಗಿತ್ತು? ಭೈರಪ್ಪನವರ 'ಆವರಣ' 2007ರಲ್ಲಿ ಬಂದಾಗ ಅಂಗಡಿಗೆ ಬರುವ ಮೊದಲೇ ಮೊದಲ ಮುದ್ರಣ ಮುಗಿದಿತ್ತು. ಅಂಥವರಿಗೆ ಸಂವಾದದ ಹಂಗಿಲ್ಲ. ಅದು ಬೇಕಾಗಿರುವುದು ಮುನ್ನೂರು ಪ್ರತಿ ಹಾಕಿಸಿ, ನೂರನ್ನು ಗೌರವ ಪ್ರತಿಯೆಂದು ಹಂಚಿ, ಉಳಿದದ್ದನ್ನು ಮಂಚದ ಕೆಳಗೆ ಇಟ್ಟುಕೊಂಡವರಿಗೆ.

ಲೇಖಕರಲ್ಲಿ ನನಗೆ ಬಲು ಇಷ್ಟವಾದವರು ತೀರ್ಥಹಳ್ಳಿ ಕಡೆಯ ಒಬ್ಬ ಕಥೆಗಾರರು. ಮಿತಭಾಷಿಗಳು. ಅವರ ಕಥೆಗಳನ್ನು ಎರಡೆರಡು ಸಲ ಓದಿ, ಹದಿನಾರು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. "ನಿಮ್ಮ ಕಥೆಗಳಲ್ಲಿ ಮಳೆ ಮತ್ತೆ ಮತ್ತೆ ಬರುತ್ತದೆ. ಅದು ಬರಿಯ ಹಿನ್ನೆಲೆಯಲ್ಲ, ಒಂದು ಪಾತ್ರವೇ ಆಗಿಬಿಡುತ್ತದೆ. ಈ ಮಳೆಯನ್ನು ನೀವು ಹೇಗೆ ಕಾಣುತ್ತೀರಿ?" ಎಂದೆ. ಅವರು ಸ್ವಲ್ಪ ಯೋಚಿಸಿ, "ನಮ್ಮೂರಲ್ಲಿ ಬರುತ್ತೆ" ಎಂದರು. ಮುಂದಿನ ಪ್ರಶ್ನೆ ಹೆಣ್ಣು ಪಾತ್ರಗಳ ದಿಟ್ಟತನದ ಮೂಲದ ಬಗ್ಗೆ. "ನಮ್ಮ ಮನೇಲಿ ಹಾಗೇ" ಎಂದರು. ಏಳು ನಿಮಿಷದಲ್ಲಿ ಹದಿನಾರು ಪ್ರಶ್ನೆಯೂ ಮುಗಿದು, ಉಳಿದ ಮೂವತ್ತೆಂಟು ನಿಮಿಷ ನನ್ನ ಎದುರು ಬಯಲಿನಂತೆ ಬಿದ್ದುಕೊಂಡಿತ್ತು. ಸಭಿಕರು ಮಾತ್ರ ಅಂದು ಬಹಳ ಖುಷಿಪಟ್ಟರು. ಪುಸ್ತಕವೂ ಚೆನ್ನಾಗಿ ಖರ್ಚಾಯಿತು.

ಇದಕ್ಕೆ ವಿರುದ್ಧವಾದವರು ಒಂದೇ ಪ್ರಶ್ನೆಯಲ್ಲಿ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿ, ಕೊಲೆಗಾರ ಯಾರೆಂದೂ ತಿಳಿಸಿ, ನೀರು ಕುಡಿದು, "ಉಳಿದದ್ದನ್ನು ಓದಿ ತಿಳಿದುಕೊಳ್ಳಿ" ಎನ್ನುತ್ತಾರೆ. "ನಾನು ಬರೆಯಲಿಲ್ಲ, ಪಾತ್ರಗಳೇ ನನ್ನ ಕೈಹಿಡಿದು ಬರೆಸಿಕೊಂಡವು" ಎನ್ನುವವರೂ ಉಂಟು. ಹೀಗೆಂದ ಒಬ್ಬರಿಗೆ, ಹಾಗಾದರೆ ಶೇಕಡ 10ರ ಗೌರವಧನ ಪಾತ್ರಗಳ ಖಾತೆಗೇ ಹಾಕೋಣವೇ ಎಂದು ಪ್ರಕಾಶಕರು ಮೊದಲ ಸಾಲಿನಿಂದ ಕೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಮೆಲ್ಲಗೆ ಕೇಳಿದರು. ಮೈಕು ಹತ್ತಿರವೇ ಇತ್ತು.

ಸಭಿಕರ ಪ್ರಶ್ನೆಗಳ ಸರದಿ ಬಂದಾಗ ನಾನು "ದಯವಿಟ್ಟು ಚುಟುಕಾಗಿ" ಎಂದು ಹೇಳುವುದು ವಾಡಿಕೆ, ಯಾರೂ ಕೇಳದಿರುವುದೂ ವಾಡಿಕೆ. ಹೆಗಲಲ್ಲಿ ಬಟ್ಟೆಯ ಚೀಲ ಹಾಕಿಕೊಂಡ ಒಬ್ಬರು ಎದ್ದು, "ನಾನು ಈ ಪುಸ್ತಕ ಇನ್ನೂ ಓದಿಲ್ಲ, ಆದರೂ ಇದರಲ್ಲಿ ಒಂದು ದೋಷವಿದೆ" ಎಂದು ಶುರುಮಾಡುತ್ತಾರೆ. ಅವರ ಮಾತು ಪಂಪನಿಂದ ಹೊರಟು, ವಚನಗಳ ಮೂಲಕ ಹಾದು, ನಮ್ಮ ಮೆಟ್ರೋ ಫಲಕಗಳಲ್ಲಿ ಕನ್ನಡದ ಸ್ಥಿತಿಗೆ ಬರುವಷ್ಟರಲ್ಲಿ ಊಟದ ವಾಸನೆ ಬಂದಿರುತ್ತದೆ. "ತಮ್ಮ ಪ್ರಶ್ನೆ?" ಎಂದರೆ ಚೀಲದಿಂದ ತಮ್ಮದೇ ಪುಸ್ತಕ ತೆಗೆದು ಲೇಖಕರಿಗೆ ಕೊಟ್ಟು, ಫೋಟೋ ತೆಗೆಸಿಕೊಂಡು, ಸ್ವಸ್ಥಾನ ಸೇರುತ್ತಾರೆ. ಕೊರೋನಾ ಕಾಲದಲ್ಲಿ ಸಂವಾದಗಳೆಲ್ಲ ಜೂಮ್‌ಗೆ ಹೋದಾಗ ಇಂಥವರನ್ನು ಮ್ಯೂಟ್ ಮಾಡುವ ಗುಂಡಿ ಸಿಕ್ಕಿತು. ಆ ಒಂದು ಸುಖ ಬಿಟ್ಟರೆ ಅಲ್ಲೆಲ್ಲ ಕಂಡದ್ದು ಲೇಖಕರ ಸೀಲಿಂಗ್ ಫ್ಯಾನು.

2025ರ ಮೇ ತಿಂಗಳಿಂದ ಹೊಸ ಪ್ರಶ್ನೆಯೊಂದು ಹುಟ್ಟಿದೆ. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ 'ಹಾರ್ಟ್ ಲ್ಯಾಂಪ್' ಆಗಿ ಅಂತರರಾಷ್ಟ್ರೀಯ ಬೂಕರ್ ಗೆದ್ದವಲ್ಲ, ಅಂದಿನಿಂದ ಪ್ರತಿ ಸಂವಾದದಲ್ಲೂ ಒಬ್ಬರಾದರೂ, "ಸಾರ್, ನಿಮ್ಮದು ಯಾವಾಗ?" ಎಂದು ಕೇಳುತ್ತಾರೆ. ಮಗಳ ಮದುವೆ ಯಾವಾಗ ಎಂದು ಕೇಳುವ ಧಾಟಿಯಲ್ಲೇ. ಆ ಸಂಕಲನದಲ್ಲಿರುವುದು 1990ರಿಂದ ಈಚೆಗೆ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದ ಹನ್ನೆರಡು ಕಥೆಗಳು. ಇಲ್ಲಿ ಉತ್ತರ ಹೇಳಬೇಕಾದವರ ಪುಸ್ತಕದ ರಿಬ್ಬನ್ ಇನ್ನೂ ನೆಲದ ಮೇಲೆಯೇ ಬಿದ್ದಿರುತ್ತದೆ.

ಪುಸ್ತಕದ ಬಗ್ಗೆ ಮಾತಾಡಲು ಅದು ಸ್ವಲ್ಪ ಹಳತಾಗಬೇಕು ಎಂಬುದು ನನ್ನ ಪಕ್ಷ. 'ಪ್ಯಾರಿಸ್ ರಿವ್ಯೂ' ಪತ್ರಿಕೆ 1953ರ ತನ್ನ ಮೊದಲ ಸಂಚಿಕೆಗೆ ಸಂದರ್ಶಿಸಿದ್ದು ಇ.ಎಂ. ಫಾರ್‌ಸ್ಟರ್ ಅವರನ್ನು. ಅಷ್ಟುಹೊತ್ತಿಗೆ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಬಂದು 29 ವರ್ಷವಾಗಿತ್ತು, ಆಮೇಲೆ ಅವರು ಇನ್ನೊಂದು ಕಾದಂಬರಿ ಪ್ರಕಟಿಸಿಯೇ ಇರಲಿಲ್ಲ. ಅಷ್ಟು ದೂರ ಹೋಗುವುದೇಕೆ, 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ಮೈಸೂರಿನ ರಂಗಾಯಣದಲ್ಲಿ ಅದು ರಾತ್ರಿಯಿಡೀ ನಡೆಯುವ ನಾಟಕವಾದದ್ದು 2010ರಲ್ಲಿ. ಬೆಳಗಾಗುವತನಕ ಕೂತು ನೋಡಿ, ಕಣ್ಣುಜ್ಜಿಕೊಂಡು ಚಹಾ ಕುಡಿಯುತ್ತ ನಾಯಿಗುತ್ತಿ ಬಗ್ಗೆ ಜಗಳವಾಡಿದ ಜನರದ್ದು ನಿಜವಾದ ಸಂವಾದ. ಅವರಲ್ಲಿ ಯಾರೂ ಮೈಕ್ ಕೇಳಲಿಲ್ಲ.

ಇದನ್ನು ಸಂಘಟಕರೊಬ್ಬರಿಗೆ ಹೇಳಿದೆ. ಬಿಡುಗಡೆ ಈ ವರ್ಷ ಇಟ್ಟುಕೊಳ್ಳಿ, ಸಂವಾದ ಮುಂದಿನ ವರ್ಷ ಮಾಡಿ ಎಂದೆ. "ಎರಡು ಸಲ ಹಾಲ್ ಬಾಡಿಗೆ, ಎರಡು ಸಲ ಉಪ್ಪಿಟ್ಟು ಯಾರು ಕೊಡ್ತಾರೆ?" ಎಂದರು. ಅದಕ್ಕೆ ಉತ್ತರ ವಿಮರ್ಶಾಶಾಸ್ತ್ರದಲ್ಲಿ ಇಲ್ಲ.

ಆದರೂ, ಬಿಡುಗಡೆಯ ದಿನವೇ ಪುಸ್ತಕವನ್ನು ಪೂರ್ತಿ ಓದಿಕೊಂಡಿರುವ ಇನ್ನೊಬ್ಬರು ಸಭೆಯಲ್ಲಿರಬಹುದು ಎಂಬುದನ್ನು ನಾವೆಲ್ಲ ಮರೆತೇಬಿಟ್ಟಿರುತ್ತೇವೆ. ಇತ್ತೀಚೆಗೆ ಒಂದು ಕಾದಂಬರಿಯ ಸಂವಾದದಲ್ಲಿ ಅದು ನೆನಪಾಯಿತು. ಬಯಲುಸೀಮೆಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಅದರಲ್ಲಿ ಕರಿಯ ಎಂಬ ನಾಯಿ ಇದೆ. ಅಜ್ಜ ಎತ್ತು ಮಾರಲು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದಾಗ ಹಿಂದೆಯೇ ಹೋದ ಕರಿಯ ಜಾತ್ರೆಯ ಗಲಾಟೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಅಜ್ಜ ಹುಡುಕುತ್ತಾನೆ, ಮನೆಗೆ ಬರುತ್ತಾನೆ, ದಿನವೂ ದಾರಿ ನೋಡುತ್ತಾನೆ. ಆಮೇಲೆ ಪುಸ್ತಕ ಮುಗಿಯುವವರೆಗೂ ನಾಯಿಯ ಸುದ್ದಿಯಿಲ್ಲ. ಓದುವಾಗ ಅದು ನನ್ನನ್ನು ಹಿಡಿದುಕೊಂಡಿತ್ತು. ಹಾಗಾಗಿ ವೇದಿಕೆಯಲ್ಲಿ, "ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಜೊತೆ ನಾಯಿ ಕೊನೆಯವರೆಗೂ ಬರುತ್ತದೆ. ನಿಮ್ಮ ಅಜ್ಜನ ಜೊತೆ ಬರುವುದಿಲ್ಲ. ಕರಿಯನ ಗೈರುಹಾಜರಿ ಇಡೀ ಕಾದಂಬರಿಯ ಮೇಲೆ ಒಂದು ದೊಡ್ಡ ಮೌನದಂತೆ ಕವಿಯುತ್ತದೆ. ಇದು ನೀವು ಉದ್ದೇಶಪಟ್ಟು ಮಾಡಿದ್ದೇ?" ಎಂದು ಕೇಳಿದೆ. ಸಭೆಯಲ್ಲಿ ಒಬ್ಬಿಬ್ಬರು ತಲೆದೂಗಿದರು. ಲೇಖಕರು ಕನ್ನಡಕ ತೆಗೆದು ಒರೆಸುತ್ತ, "ಹೌದು. ಓದುಗನ ಪಾಲಿಗೆ ಒಂದು ಖಾಲಿ ಜಾಗ ಬಿಡಬೇಕಾಗುತ್ತದೆ" ಎಂದರು. ಅಧ್ಯಕ್ಷರು ಆ ವಾಕ್ಯವನ್ನು ಬರೆದುಕೊಂಡರು.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಕೈ ಎತ್ತಿದರು. ಮೈಕು ತಲುಪುವವರೆಗೂ ಕಾಯಲಿಲ್ಲ. "ಸಾರ್, ನಾನು ಡಿಟಿಪಿ ಮಾಡಿದವಳು. ನಿಮ್ಮ ಕೈಬರಹ ನೋಡಿಕೊಂಡು ನುಡಿಯಲ್ಲಿ ಟೈಪ್ ಮಾಡಿದ್ದೆ. ಆಗ ಕರಿಯ ವಾಪಸ್ ಬಂದಿತ್ತು. ಐದು ಪುಟ ಇತ್ತು. ನಾನು ಅತ್ತುಕೊಂಡೇ ಹೊಡೆದಿದ್ದು. ಇದರಲ್ಲಿ ನೋಡಿದರೆ ಇಲ್ಲ. ಏನಾಯ್ತು ಸಾರ್?"

ಲೇಖಕರು ಪ್ರಕಾಶಕರನ್ನು ನೋಡಿದರು. ಪ್ರಕಾಶಕರು ಹಿಂದೆ ಕಟ್ಟಿದ್ದ ಫ್ಲೆಕ್ಸ್ ನೋಡಿದರು. ನಾನು ನೀರು ಕುಡಿದೆ.

ಸಂಗತಿ ಇಷ್ಟೆ. ಡೆಮಿ ಆಕಾರದ ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಫಾರಂ ಒಂದಕ್ಕೆ 16 ಪುಟ. ಹನ್ನೊಂದು ಫಾರಂ ಅಂದರೆ 176. ಕಾದಂಬರಿ ಬಂದು ನಿಂತದ್ದು 181ಕ್ಕೆ. ಐದು ಪುಟಕ್ಕಾಗಿ ಇನ್ನೊಂದು ಫಾರಂ ಹಾಕಬೇಕು, ಕಾಗದದ ಬೆಲೆ ಎಲ್ಲಿಗೆ ಹೋಗಿದೆ ಎಂದು ನಿಮಗೆ ಗೊತ್ತು. ಗ್ರಂಥಾಲಯ ಇಲಾಖೆಯವರು ಪುಟದ ಲೆಕ್ಕದಲ್ಲಿ ದರ ಕೊಡುತ್ತಾರೆ ನಿಜ, ಆದರೆ ಪುಸ್ತಕ ಆಯ್ಕೆಯಾಗಬೇಕು, ಹಣ ಬರಬೇಕು. ಎಲ್ಲಾದರೂ ಐದು ಪುಟ ಇಳಿಸಿಕೊಡಿ ಎಂದು ಪ್ರಕಾಶಕರು ಕೇಳಿದರು. ಅಜ್ಜನ ಸಾವನ್ನು ತೆಗೆಯುವಂತಿರಲಿಲ್ಲ, ಆಸ್ತಿ ಪಾಲಿನ ಜಗಳವನ್ನು ತೆಗೆಯುವಂತಿರಲಿಲ್ಲ. ಮುನ್ನುಡಿ ಒಂಬತ್ತು ಪುಟ ಇತ್ತು, ಅದನ್ನು ಬರೆದವರೇ ಅಂದಿನ ಅಧ್ಯಕ್ಷರು. ಹೀಗೆ ಕರಿಯ ಹೋಯಿತು.

ಇದನ್ನೆಲ್ಲ ಲೇಖಕರು ಒಂದೇ ಉಸಿರಿಗೆ ಹೇಳಿದರು. ಅಲ್ಲಿಯವರೆಗೆ ಕುರ್ಚಿಯಲ್ಲಿ ಸೆಟೆದು ಕೂತು ಸಾಹಿತ್ಯದ ಭಾಷೆಯಲ್ಲಿ ಉತ್ತರಿಸುತ್ತಿದ್ದ ಮನುಷ್ಯ, ಹೂಕುಂಡವನ್ನು ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಾಗಿ ಆ ಐದು ಪುಟವನ್ನು ಬಾಯಲ್ಲೇ ಹೇಳತೊಡಗಿದರು. ಕರಿಯ ಬಂದದ್ದು ಅಜ್ಜನ ಹನ್ನೊಂದನೇ ದಿನ. ಕುತ್ತಿಗೆಯಲ್ಲಿ ಬೇರೆ ಯಾರದೋ ಹಗ್ಗ, ಹಗ್ಗದ ತುದಿ ಹಲ್ಲಿನಲ್ಲಿ ಕಡಿದದ್ದು. ಯಾರೋ ಕಟ್ಟಿಹಾಕಿ ಸಾಕಿಕೊಂಡಿದ್ದಾರೆ, ಚೆನ್ನಾಗಿಯೇ ಸಾಕಿದ್ದಾರೆ, ಮೈ ತುಂಬಿಕೊಂಡಿದೆ. ಬಂದದ್ದು ಅಂಗಳದಲ್ಲಿ ಹಾಕಿದ್ದ ಶಾಮಿಯಾನ ಕಂಡು, ಬೇರೆ ಮನೆಗೆ ಬಂದೆನೇನೋ ಎಂಬಂತೆ ಗೇಟಿನ ಹೊರಗೇ ನಿಂತಿತು. ಮೊಮ್ಮಗ ಹಗ್ಗ ಬಿಚ್ಚಲು ಹೋದರೆ ಗಂಟು ಬಿಚ್ಚುತ್ತಿಲ್ಲ. ಅಡಿಗೆಯವರ ಹತ್ತಿರ ಕುಡುಗೋಲು ಕೇಳಿ ತರುತ್ತಾನೆ. "ಅವನ ಕೈ ನಡುಗುತ್ತೆ ಸಾರ್" ಎಂದು ಡಿಟಿಪಿ ಹೆಣ್ಣುಮಗಳು ಹಿಂದಿನ ಸಾಲಿನಿಂದ ನೆನಪಿಸಿದರು. "ಹೌದೌದು, ನಡುಗುತ್ತೆ" ಎಂದರು ಲೇಖಕರು. ಇಬ್ಬರೂ ಸೇರಿ ಅಧ್ಯಾಯ ಮುಗಿಸಿದರು. ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಬಟ್ಟೆ ಚೀಲದವರು ಕೂಡ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಸಮಯದ ಅಭಾವದಿಂದ ಅಧ್ಯಕ್ಷ ಭಾಷಣ ಎರಡು ನಿಮಿಷಕ್ಕೆ ಇಳಿಯಿತು. ಅವರು ಬರೆದುಕೊಂಡಿದ್ದ ವಾಕ್ಯವನ್ನು ಬಳಸಲಿಲ್ಲ.

ಹೊರಗೆ ಪುಸ್ತಕದ ಮೇಜಿಗೆ ಜನ ಮುಗಿಬಿದ್ದಿದ್ದರು. "ಆ ನಾಯಿ ಪುಸ್ತಕ ಒಂದು ಕೊಡಿ" ಎನ್ನುವವರು ಕೆಲವರು. "ನಾಯಿ ಇದರಲ್ಲಿ ಇಲ್ಲವಂತೆ ಕಣ್ರೀ, ಸುಮ್ಮನೆ ಯಾಕೆ" ಎಂದು ತಡೆಯುವ ಹೆಂಡಂದಿರು ಕೆಲವರು. "ನಾಯಿ ಬಂದ ಮೇಲೆ ತಗೋತೀನಿ" ಎಂದು ಹೆಸರು, ಫೋನ್ ನಂಬರು ಬರೆಸಿ ಹೋದವರೇ ಹೆಚ್ಚು. ಪ್ರಕಾಶಕರು ಒಂದು ಕೈಯಲ್ಲಿ ಕೇಸರಿಭಾತಿನ ದೊನ್ನೆ, ಇನ್ನೊಂದರಲ್ಲಿ ಆ ಪಟ್ಟಿ ಹಿಡಿದುಕೊಂಡು ನನ್ನನ್ನು ಕಂಬದ ಮರೆಗೆ ಕರೆದರು.

"ಎರಡನೇ ಮುದ್ರಣಕ್ಕೆ ನಾಯಿ ಸೇರಿಸ್ತೀನಿ ಸಾರ್, ವಿಧಿಯಿಲ್ಲ. 181 ಆಗುತ್ತೆ. ಹನ್ನೆರಡನೇ ಫಾರಂಗೆ ಹೋದರೆ 192. ಹನ್ನೊಂದು ಪುಟ ಖಾಲಿ ಉಳಿಯುತ್ತೆ. ಖಾಲಿ ಬಿಟ್ಟರೆ ಜನ ಬೈತಾರೆ. ಇವತ್ತಿನ ಸಂವಾದನೇ ಬರೆದುಕೊಟ್ಟುಬಿಡಿ, ಅನುಬಂಧ ಅಂತ ಹಾಕ್ತೀನಿ" ಎಂದರು. ಗೌರವಧನದ ಮಾತು ಬರಬಹುದೆಂದು ನಾನು ಸ್ವಲ್ಪ ತಡೆದೆ. ಅವರು ಕೇಸರಿಭಾತಿನ ಒಂದು ತುತ್ತು ನುಂಗಿ ಮುಂದುವರಿಸಿದರು: "ಹನ್ನೊಂದೇ ಪುಟ ಸಾರ್. ಒಂದು ಪುಟ ಜಾಸ್ತಿ ಆದರೂ ಮತ್ತೆ ನಾಯೀನೇ ತೆಗೀಬೇಕಾಗುತ್ತೆ."